ಅಟ್ಟದ ಮೇಲಿನ ಓಲೆಗರಿ: ನಕಲಿನ ನಕಲು ತಪ್ಪಿಲ್ಲದೆ ಉಳಿದದ್ದು ಹೇಗೆ?

ಪ್ರಶ್ನೆ: ನಮ್ಮದು ತಿಪಟೂರು ತಾಲ್ಲೂಕು. ಹಳೇ ಮನೆ ಬಿಚ್ಚುವಾಗ ಅಟ್ಟದ ಮೇಲೆ ಎರಡು ಓಲೆಗರಿ ಕಟ್ಟು ಸಿಕ್ಕಿವೆ. ಎರಡರಲ್ಲೂ ಅಕ್ಷರ ಕನ್ನಡದ್ದೇ. ಒಂದು ಪದ್ಯದ ಹಾಗೆ ಕಾಣುತ್ತದೆ, ಇನ್ನೊಂದು ಸಂಸ್ಕೃತ ಇರಬೇಕು. ಕೆಲವು ಗರಿ ಅಂಟಿಕೊಂಡಿವೆ, ಕೆಲವದರಲ್ಲಿ ಅಕ್ಷರವೇ ಕಾಣುತ್ತಿಲ್ಲ. ಕೊಬ್ಬರಿ ಎಣ್ಣೆ ಸವರಿದರೆ ಸರಿಹೋಗುತ್ತದೆ ಅಂತ ಊರಲ್ಲಿ ಹೇಳುತ್ತಾರೆ. ಸವರಬಹುದೆ? ಇನ್ನೊಂದು ಅನುಮಾನ. ವೇದ, ಪುರಾಣ, ಕಾವ್ಯ ಎಲ್ಲ ಹೀಗೆ ಕೈಯಲ್ಲಿ ಬರೆದು ಬರೆದೇ ಬಂದವಲ್ಲವೆ? ಒಬ್ಬ ಬರೆದದ್ದನ್ನು ನೋಡಿ ಇನ್ನೊಬ್ಬ, ಅವನದ್ದನ್ನು ನೋಡಿ ಮತ್ತೊಬ್ಬ. ಸಾವಿರ ವರ್ಷದಲ್ಲಿ ತಪ್ಪು ಸೇರದೆ ಹೇಗಿರುತ್ತದೆ?

ಉತ್ತರ: ಮೊದಲು ಎಣ್ಣೆಯ ವಿಷಯ. ದಯವಿಟ್ಟು ಸವರಬೇಡಿ. ಕೊಬ್ಬರಿ ಎಣ್ಣೆ ಆರುವ ಎಣ್ಣೆಯಲ್ಲ. ಗರಿಯ ಮೇಲೆ ಹಾಗೇ ನಿಂತು ಧೂಳು ಹಿಡಿಯುತ್ತದೆ, ಕಮಟುತ್ತದೆ, ವರ್ಷ ಕಳೆದಂತೆ ಅಂಟಾಗಿ ಒಂದು ಗರಿಯನ್ನು ಇನ್ನೊಂದಕ್ಕೆ ಕಚ್ಚಿಸಿಬಿಡುತ್ತದೆ. ನಿಮ್ಮ ಕಟ್ಟಿನಲ್ಲಿ ಅಂಟಿಕೊಂಡಿರುವ ಗರಿಗಳಿಗೆ ಹಿಂದೆ ಯಾರೋ ಸವರಿದ ಎಣ್ಣೆಯೇ ಕಾರಣವಾಗಿದ್ದರೂ ಆಶ್ಚರ್ಯವಿಲ್ಲ. ಬರೆದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಪುಸ್ತಕವೇ ಬೇಡಿಕೊಳ್ಳುವಂತೆ ಒಂದು ಶ್ಲೋಕವನ್ನು ಎಷ್ಟೋ ಪ್ರತಿಗಳ ಕೊನೆಯಲ್ಲಿ ಬರೆದಿಟ್ಟಿದ್ದಾರೆ: "ತೈಲಾದ್ರಕ್ಷ ಜಲಾದ್ರಕ್ಷ ರಕ್ಷ ಶಿಥಿಲಬಂಧನಾತ್ | ಮೂರ್ಖಹಸ್ತೇ ನ ದಾತವ್ಯಂ ಏವಂ ವದತಿ ಪುಸ್ತಕಂ". ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲವಾದ ಕಟ್ಟಿನಿಂದ ಕಾಪಾಡು, ತಿಳಿಯದವರ ಕೈಗೆ ಕೊಡಬೇಡ. ಎಣ್ಣೆಯ ಹೆಸರೇ ಮೊದಲು ಬಂದಿದೆ ನೋಡಿ. ಸಂರಕ್ಷಣೆಯ ಕೆಲಸದವರು ನಿಂಬೆಹುಲ್ಲಿನ ಎಣ್ಣೆ, ಸಿಟ್ರೊನೆಲ್ಲಾ ಎಣ್ಣೆ ಬಳಸುವುದುಂಟು. ಅವು ಗಾಳಿಗೆ ಆವಿಯಾಗಿ ಹೋಗುವ ಜಾತಿಯವು, ಜಿಡ್ಡು ಉಳಿಸುವುದಿಲ್ಲ. ಅಡುಗೆ ಎಣ್ಣೆಗೂ ಅದಕ್ಕೂ ಹೆಸರೊಂದೇ ಸಮಾನ. ಕಟ್ಟನ್ನು ಹೇಗೆ ನೋಡಿಕೊಳ್ಳಬೇಕು ಎಂಬುದನ್ನು ಕೊನೆಯಲ್ಲಿ ಬಿಡಿಸಿ ಹೇಳುತ್ತೇನೆ. ನಿಮ್ಮ ಎರಡನೆಯ ಅನುಮಾನ ದೊಡ್ಡದು, ಅದಕ್ಕೆ ಸ್ವಲ್ಪ ಜಾಗ ಬೇಕು.

ತಪ್ಪು ಸೇರುತ್ತದೆ. ಕೈಬರಹದಲ್ಲಿ ತಪ್ಪಿಲ್ಲದ ಪ್ರತಿ ಎಂಬುದೇ ಇಲ್ಲ. ಆದರೆ ಎಲ್ಲ ಗ್ರಂಥಕ್ಕೂ ಒಂದೇ ಪ್ರಮಾಣದಲ್ಲಿ ಸೇರಲಿಲ್ಲ. ಎಲ್ಲಿ ತಪ್ಪನ್ನು ಹಿಡಿಯುವ ಏರ್ಪಾಡು ಗಟ್ಟಿಯಾಗಿತ್ತೋ ಅಲ್ಲಿ ಅಕ್ಷರ ಅಲುಗಲಿಲ್ಲ, ಎಲ್ಲಿ ಅಂಥದ್ದು ಇರಲಿಲ್ಲವೋ ಅಲ್ಲಿ ಪಠ್ಯ ಬೆಳೆಯಿತು, ಸವೆಯಿತು, ಬದಲಾಯಿತು. ಹಾಗಾಗಿ ವೇದ, ಪುರಾಣ, ಕಾವ್ಯ ಮೂರನ್ನೂ ಒಂದೇ ಬುಟ್ಟಿಗೆ ಹಾಕಿದರೆ ಉತ್ತರ ಸಿಗುವುದಿಲ್ಲ.

ವೇದ ಬರೆದು ಬಂದದ್ದೇ ಅಲ್ಲ. ಕೇಳಿ, ಹೇಳಿ, ಬಾಯಿಪಾಠವಾಗಿ ಬಂದದ್ದು. ಬರೆದಿಟ್ಟುಕೊಂಡು ಓದುವವನನ್ನು, ಅಂದರೆ ಲಿಖಿತಪಾಠಕನನ್ನು, ಪಾಣಿನೀಯ ಶಿಕ್ಷೆ ಎಂಬ ಉಚ್ಚಾರಣೆಯ ಗ್ರಂಥ ಆರು ಬಗೆಯ ಅಧಮ ಪಾಠಕರಲ್ಲಿ ಒಬ್ಬನೆಂದು ಎಣಿಸುತ್ತದೆ. ಬಾಯಿಪಾಠ ಎಂದರೆ ನಂಬಲಾಗದ್ದು ಎಂದು ಇವತ್ತು ಅನ್ನಿಸಬಹುದು. ಏರ್ಪಾಡು ನೋಡಿದರೆ ಹಾಗನ್ನಿಸುವುದಿಲ್ಲ.

ಮೊದಲು ಸಂಹಿತೆ, ಅಂದರೆ ಸಂಧಿ ಸೇರಿದ ಮಂತ್ರ. ಆಮೇಲೆ ಪದಪಾಠ, ಪ್ರತಿ ಪದವನ್ನೂ ಬಿಡಿಸಿ ಹೇಳುವುದು. ಋಗ್ವೇದಕ್ಕೆ ಇದನ್ನು ಮಾಡಿಕೊಟ್ಟವನು ಶಾಕಲ್ಯ. ಆಮೇಲೆ ಕ್ರಮಪಾಠ: ಒಂದನೆಯ ಪದ ಎರಡನೆಯದರ ಜೊತೆ, ಎರಡನೆಯದು ಮೂರನೆಯದರ ಜೊತೆ. ಅದರ ಮೇಲೆ ಜಟೆ: 1-2, 2-1, 1-2. ಋಗ್ವೇದದ ಮೊದಲ ಎರಡು ಪದ "ಅಗ್ನಿಮ್", "ಈಳೇ". ಜಟೆಯಲ್ಲಿ ಇದು "ಅಗ್ನಿಮೀಳ ಈಳೇಽಗ್ನಿಮಗ್ನಿಮೀಳೇ" ಆಗುತ್ತದೆ. ಇನ್ನೂ ಮೇಲೆ ಘನ: 1-2, 2-1, 1-2-3, 3-2-1, 1-2-3. ಹೀಗೆ ಒಂದೊಂದೇ ಪದ ಮುಂದಕ್ಕೆ ಸರಿಯುತ್ತ ಹೋದರೆ ನಡುವಿನ ಯಾವುದೇ ಪದ 13 ಸಲ ಬಾಯಿಗೆ ಬರುತ್ತದೆ. ಬೇಕಾದರೆ ಕಾಗದದ ಮೇಲೆ ಬರೆದು ಎಣಿಸಿ ನೋಡಿ.

ಇಲ್ಲಿನ ಜಾಣ್ಮೆ ಬರೀ ಪುನರಾವರ್ತನೆಯಲ್ಲಿಲ್ಲ. ಪದವನ್ನು ಹಿಂದುಮುಂದು ಮಾಡಿದಾಗ ಸಂಧಿ ಬದಲಾಗುತ್ತದೆ. ಮುಂದಕ್ಕೆ ಹೇಳುವಾಗ ಸಂಧಿಯಲ್ಲಿ ನುಂಗಿಹೋಗುವ ಸ್ವರ ಹಿಂದಕ್ಕೆ ಹೇಳುವಾಗ ಹೊರಗೆ ಬರಲೇಬೇಕು. ಹೀಗಾಗಿ ಪದದ ಕೊನೆಯನ್ನು ತಪ್ಪು ತಿಳಿದವನು ಎಲ್ಲೋ ಒಂದು ಕಡೆ ಎಡವಿಯೇ ಎಡವುತ್ತಾನೆ, ಪಕ್ಕದಲ್ಲಿ ಕೂತವನ ಕಿವಿಗೆ ಅದು ತಕ್ಷಣ ತಟ್ಟುತ್ತದೆ. ಉದಾತ್ತ, ಅನುದಾತ್ತ, ಸ್ವರಿತ ಎಂಬ ಸ್ವರದ ಏರಿಳಿತ ಇನ್ನೊಂದು ಬೇಲಿ. ಇದರ ಮೇಲೆ ಲೆಕ್ಕವೂ ಇದೆ. ಶೌನಕನ ಹೆಸರಿನ ಅನುಕ್ರಮಣಿ, ಅಂದರೆ ವೇದದ ಸೂಚಿಗ್ರಂಥ, ಋಗ್ವೇದದ ಪದಗಳನ್ನು 1,53,826 ಎಂದೂ ಅಕ್ಷರಗಳನ್ನು 4,32,000 ಎಂದೂ ಹೇಳುತ್ತದೆ. ಈ ಲೆಕ್ಕಕ್ಕೂ ಇವತ್ತಿನ ಎಣಿಕೆಗೂ ಸಣ್ಣಪುಟ್ಟ ವ್ಯತ್ಯಾಸ ಬರುವುದುಂಟು. ಎಣಿಸಿ ಇಡಬೇಕೆಂದು ಅವರಿಗೆ ಅನ್ನಿಸಿತ್ತು ಎಂಬುದೇ ಇಲ್ಲಿ ಮುಖ್ಯ.

ಈ ಭದ್ರತೆ ಪುರಾಣಕ್ಕಾಗಲಿ, ಇತಿಹಾಸವೆಂದು ಕರೆಯುವ ರಾಮಾಯಣ ಮಹಾಭಾರತಕ್ಕಾಗಲಿ ಇರಲಿಲ್ಲ. ಮಹಾಭಾರತವನ್ನು ಪುಣೆಯ ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆಯವರು 1919ರಿಂದ 1966ರವರೆಗೆ ಕೂತು ಪರಿಷ್ಕರಿಸಿದರು. ದೇಶದ ಬೇರೆ ಬೇರೆ ಲಿಪಿಗಳ 1,259 ಹಸ್ತಪ್ರತಿಗಳನ್ನು ಸಾಲು ಸಾಲು ಹೋಲಿಸಿದರು. ದಕ್ಷಿಣದ ಪ್ರತಿಗಳು ಉತ್ತರದವಕ್ಕಿಂತ ಉದ್ದವಾಗಿದ್ದವು. ವ್ಯಾಸರು ಹೇಳುತ್ತ ಹೋದರು, ಗಣಪತಿ ಬರೆದುಕೊಂಡ ಎಂಬ, ನಮಗೆಲ್ಲ ಪ್ರಿಯವಾದ ಪ್ರಸಂಗ ಹಲವು ಪ್ರತಿಗಳಲ್ಲಿ ಇಲ್ಲದ ಕಾರಣ ಮೂಲಪಾಠದಿಂದ ಅನುಬಂಧಕ್ಕೆ ಹೋಯಿತು. ಅದನ್ನು ಸೇರಿಸಿದವರು ಮೋಸಗಾರರಲ್ಲ. ಪುರಾಣವನ್ನು ಹೇಳುವವರು ಅದನ್ನು ಬೆಳೆಯುವ ಮರ ಎಂದುಕೊಂಡಿದ್ದರು, ಮುಚ್ಚಿಟ್ಟ ಪೆಟ್ಟಿಗೆ ಎಂದುಕೊಂಡಿರಲಿಲ್ಲ.

ಈಗ ನಿಮ್ಮ ಕೈಯಲ್ಲಿರುವ ಓಲೆಗೆ ಬರೋಣ. ನಿಮ್ಮ ಸೀಮೆಯ ತೆಂಗಿನ ಗರಿ ಇದಕ್ಕೆ ಆಗುವುದಿಲ್ಲ. ಎರಡು ಮರಗಳ ಗರಿ ಬಳಕೆಯಲ್ಲಿತ್ತು. ಒಂದು ಬೇಸಿಗೆಯಲ್ಲಿ ತಾಟಿನಿಂಗು ಕೊಡುವ ತಾಳೆ: ಗರಿ ದಪ್ಪ, ಅಗಲ ಕಡಿಮೆ, ಒಣಗಿದರೆ ಬಿರುಸು. ಇನ್ನೊಂದು ಶ್ರೀತಾಳೆ, ಕರಾವಳಿ ಮಲೆನಾಡಿನ ತೇವದ ನೆಲದ ಮರ. ಬದುಕಿನಲ್ಲಿ ಒಂದೇ ಸಲ ಹೂಬಿಟ್ಟು ಸಾಯುತ್ತದೆ. ಅದರ ಗರಿ ತೆಳು, ಅಗಲ, ಬಾಗುತ್ತದೆ. ಒಳ್ಳೆಯ ಗ್ರಂಥಕ್ಕೆ ಇದನ್ನೇ ಹುಡುಕುತ್ತಿದ್ದರು. ನಿಮ್ಮ ಕಟ್ಟಿನ ಒಂದು ಗರಿಯ ಮೂಲೆ ಬೆರಳಿನಿಂದ ಸ್ವಲ್ಪ ಒತ್ತಿದಾಗ ಸುಲಭವಾಗಿ ಬಾಗುವಂತಿದ್ದರೆ ಅದು ಶ್ರೀತಾಳೆ ಇರಬಹುದು. ಗಟ್ಟಿಯಾಗಿ ನಿಂತರೆ ಮತ್ತೆ ಒತ್ತಲು ಹೋಗಬೇಡಿ, ಮುರಿಯುತ್ತದೆ.

ಎಳೆಯ ಗರಿ ಕೊಯ್ದು, ನಡುವಿನ ಕಡ್ಡಿ ತೆಗೆದು, ಅರಿಶಿನ ಹಾಕಿದ ನೀರಿನಲ್ಲಿ ಬೇಯಿಸಿ, ನೆರಳಲ್ಲಿ ಒಣಗಿಸುತ್ತಿದ್ದರು. ಕಲ್ಲಿನಿಂದಲೋ ಶಂಖದಿಂದಲೋ ತಿಕ್ಕಿ ನಯ ಮಾಡಿ, ಒಂದೇ ಅಳತೆಗೆ ಕತ್ತರಿಸಿ, ಕಾಯಿಸಿದ ಕಡ್ಡಿಯಿಂದ ಎರಡು ತೂತು ಹಾಕುತ್ತಿದ್ದರು. ಬೇಯಿಸುವುದು ಬರೀ ಮೆತ್ತಗಾಗಲಿ ಎಂದಲ್ಲ, ಹುಳುವಿಗೆ ರುಚಿಯಾದ ಅಂಶ ನೀರಿಗೆ ಬಿಟ್ಟುಕೊಳ್ಳಲಿ ಎಂದೂ ಹೌದು. ಸರಿಯಾಗಿ ಬೇಯದ ಗರಿಗೆ ಬೇಗ ಹುಳು ಬೀಳುತ್ತದೆ. ಒಂದೇ ಕಟ್ಟಿನಲ್ಲಿ ಕೆಲವು ಗರಿ ಜರಡಿಯಾಗಿ ಪಕ್ಕದವು ಚೆನ್ನಾಗಿರುವುದಕ್ಕೆ ಇದೂ ಒಂದು ಕಾರಣ.

ಬರೆಯುವ ಸಾಧನ ಕಂಟ, ಮೊನೆ ಚೂಪಾದ ಕಬ್ಬಿಣದ ಕಡ್ಡಿ. ಎಡಗೈಯಲ್ಲಿ ಗರಿ, ಬಲಗೈಯಲ್ಲಿ ಕಂಟ. ಎಡ ಹೆಬ್ಬೆರಳು ಕಂಟಕ್ಕೆ ಆನಿಕೆ. ಬಲಗೈ ಹೆಚ್ಚು ಓಡಾಡುವುದಿಲ್ಲ, ಗರಿಯೇ ಎಡಕ್ಕೆ ಸರಿಯುತ್ತ ಹೋಗುತ್ತದೆ. ಕೊರೆದಾಗ ಅಕ್ಷರ ಕಾಣುವುದಿಲ್ಲ, ಬಿಳಿ ಗೀರು ಅಷ್ಟೆ. ಆಮೇಲೆ ದೀಪದ ಕಾಡಿಗೆಯನ್ನು ಎಣ್ಣೆಯಲ್ಲೋ ಸೊಪ್ಪಿನ ರಸದಲ್ಲೋ ಕಲಸಿ ಮೇಲೆ ಸವರಿ ಒರೆಸಿದರೆ ಗೀರಿನೊಳಗೆ ಮಸಿ ಕೂತು ಅಕ್ಷರ ಎದ್ದು ಕಾಣುತ್ತದೆ. ಅಂದರೆ ನಿಮ್ಮ ಕಟ್ಟಿನಲ್ಲಿ "ಅಕ್ಷರವೇ ಕಾಣದ" ಗರಿಯಲ್ಲಿ ಅಕ್ಷರ ಹೋಗಿಲ್ಲ. ಮಸಿ ಮಾತ್ರ ಹೋಗಿದೆ, ಗೀರು ಅಲ್ಲೇ ಇದೆ. ಇದು ದೊಡ್ಡ ಸಮಾಧಾನದ ವಿಷಯ. ಮಸಿಯಿಂದ ಬರೆದ ಕಾಗದಕ್ಕೆ ಈ ಭಾಗ್ಯವಿಲ್ಲ.

ಕೊರೆದ ಅಕ್ಷರವನ್ನು ಅಳಿಸಲಾಗದು. ಆದ್ದರಿಂದ ತಿದ್ದುವುದಕ್ಕೆ ಬೇರೆ ದಾರಿಗಳಿದ್ದವು. ಬಿಟ್ಟುಹೋದ ಅಕ್ಷರವನ್ನು ಸಾಲಿನ ಮೇಲೋ ಕೆಳಗೋ ಬರೆದು, ಎಲ್ಲಿ ಸೇರಬೇಕೋ ಅಲ್ಲಿ ಹಂಸಪಾದದ ಗುರುತು ಹಾಕುತ್ತಿದ್ದರು. ತಪ್ಪಿದ ಅಕ್ಷರದ ಮೇಲೆ ಸಣ್ಣ ಗೀರು ಎಳೆಯುತ್ತಿದ್ದರು. ಮೂಲದ ಗರಿ ಮುರಿದಿದ್ದರೆ ಪ್ರಾಮಾಣಿಕ ಲಿಪಿಕಾರ ಅಷ್ಟು ಜಾಗ ಖಾಲಿ ಬಿಡುತ್ತಿದ್ದ. ಸಂಪಾದಕರ ಮಾತಿನಲ್ಲಿ ಅದು ಗ್ರಂಥಪಾತ. ಖಾಲಿ ಜಾಗವಿರುವ ಪ್ರತಿ ಕಂಡರೆ ಅದನ್ನು ಕೀಳಾಗಿ ನೋಡಬೇಡಿ. ತನಗೆ ತೋಚಿದ್ದನ್ನು ತುಂಬಿ ಚಂದ ಮಾಡಿದ ಪಂಡಿತನ ಪ್ರತಿಗಿಂತ, ಅರ್ಥ ತಿಳಿಯದೆ ಕಂಡದ್ದನ್ನು ಕಂಡ ಹಾಗೆ ಕೊರೆದವನ ಪ್ರತಿ ಎಷ್ಟೋ ಸಲ ಮೂಲಕ್ಕೆ ಹತ್ತಿರ ಇರುತ್ತದೆ. "ಯಾದೃಶಂ ಪುಸ್ತಕಂ ದೃಷ್ಟಂ ತಾದೃಶಂ ಲಿಖಿತಂ ಮಯಾ", ಪುಸ್ತಕ ಹೇಗಿತ್ತೋ ಹಾಗೇ ಬರೆದಿದ್ದೇನೆ, ಎಂದು ಅವನು ಕೊನೆಯಲ್ಲಿ ಬರೆಯುವುದು ನುಣುಚಿಕೊಳ್ಳುವ ಮಾತಲ್ಲ. ಅದೇ ಅವನ ಕಸುಬಿನ ನಿಯಮ.

ತಪ್ಪು ಎಲ್ಲಿ ಆಗುತ್ತದೆ ಎಂಬುದಕ್ಕೂ ಒಂದು ದಾರಿಯಿದೆ. ನೋಡಿ ಬರೆದವನದು ಕಣ್ಣಿನ ತಪ್ಪು. ಹಳೆಯ ಕೈಬರಹದಲ್ಲಿ ಪ-ವ, ವ-ಮ, ಪ-ಷ, ಥ-ಧ ಒಂದರಂತೆ ಒಂದು ಕಾಣುತ್ತವೆ. ಎಷ್ಟೋ ಓಲೆಗಳಲ್ಲಿ ಎ-ಏ, ಒ-ಓ ಎರಡಕ್ಕೂ ಒಂದೇ ರೂಪ. ಪದಗಳ ನಡುವೆ ಜಾಗವಿಲ್ಲ. ಒಂದೇ ಪದ ಹತ್ತಿರ ಹತ್ತಿರ ಎರಡು ಸಲ ಬಂದರೆ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಹಾರುತ್ತದೆ, ನಡುವಿನದೆಲ್ಲ ಬಿಟ್ಟುಹೋಗುತ್ತದೆ. ಒಬ್ಬ ಓದಿ ಇನ್ನೊಬ್ಬ ಬರೆದಿದ್ದರೆ ಅದು ಕಿವಿಯ ತಪ್ಪು: ಶ-ಷ-ಸ ಕಲಸುತ್ತವೆ, ಮಹಾಪ್ರಾಣ ಅಲ್ಪಪ್ರಾಣವಾಗುತ್ತದೆ. ಯಾವ ಜಾತಿಯ ತಪ್ಪು ಹೆಚ್ಚಿದೆ ಎಂದು ನೋಡಿಯೇ ಪ್ರತಿ ಹೇಗೆ ತಯಾರಾಯಿತು ಎಂದು ಹೇಳಬಹುದು. ಮೂರನೆಯದು ಬಳಕೆಯ ತಪ್ಪು. ಹಳಗನ್ನಡದ ಱ, ೞ ಬಳಕೆ ತಪ್ಪಿದ ಮೇಲೆ ಬರೆದವರು ತಮಗೆ ಗೊತ್ತಿದ್ದ ರ, ಳ ಹಾಕಿದರು. "ಅೞಿ" ಎಂದರೆ ನಾಶವಾಗು, "ಅಳಿ" ಎಂದರೆ ದುಂಬಿ. ಒಂದು ಅಕ್ಷರಕ್ಕೆ ಅರ್ಥವೇ ಹಾರಿಹೋಗುತ್ತದೆ.

ಪಾವಗಡ, ಬಾಗೇಪಲ್ಲಿ, ಶ್ರೀನಿವಾಸಪುರದ ಕಡೆಯವರಿಗೆ ಒಂದು ಮಾತು. ಅಲ್ಲಿ ಸಂಸ್ಕೃತವನ್ನೋ ಕನ್ನಡವನ್ನೋ ತೆಲುಗು ಅಕ್ಷರದಲ್ಲಿ ಬರೆದ ಕಟ್ಟು ಸಿಕ್ಕಬಹುದು. ಅಕ್ಷರ ನೋಡಿ "ಇದು ತೆಲುಗು, ನಮಗೆ ಬೇಡ" ಎಂದು ಬದಿಗಿಡಬೇಡಿ. ಎರಡು ಲಿಪಿಗೂ ತಾಯಿ ಒಂದೇ, ಬೇರೆ ಮುಖ್ಯವಾಗಿ ತಲೆಕಟ್ಟಿನಲ್ಲಿ. ಮೊದಲ ಗರಿ ಓದಿಸಿ ಆಮೇಲೆ ತೀರ್ಮಾನಿಸಿ.

ಪದ್ಯದ ಕಟ್ಟು ಇದೆ ಅಂದಿರಿ. ಕನ್ನಡ ಕಾವ್ಯ ಉಳಿದುಕೊಂಡದ್ದರ ಗುಟ್ಟು ಅಲ್ಲೇ ಇದೆ, ಅದನ್ನು ಹತ್ತಿರದಿಂದ ನೋಡೋಣ. ಕುಮಾರವ್ಯಾಸನ ಭಾರತ ಭಾಮಿನಿ ಷಟ್ಪದಿಯಲ್ಲಿದೆ. ಆರು ಸಾಲು. 1, 2, 4, 5ನೇ ಸಾಲಿಗೆ 3-4-3-4ರಂತೆ 14 ಮಾತ್ರೆ. 3 ಮತ್ತು 6ನೇ ಸಾಲಿಗೆ 3-4ರ ಜೋಡಿ ಮೂರು ಸಲ, ಮೇಲೊಂದು ಗುರು, ಒಟ್ಟು 23. ಪದ್ಯಕ್ಕೆ 102 ಮಾತ್ರೆ. ಜೊತೆಗೆ ಆದಿಪ್ರಾಸ, ಅಂದರೆ ಆರೂ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಇರಬೇಕು. ಮೊದಲ ಪದ್ಯದ ಮೂರು ಸಾಲು ಹೀಗಿದೆ:

ಶ್ರೀವನಿತೆಯರಸನೆ ವಿಮಲ ರಾ
ಜೀವ ಪೀಠನ ಪಿತನೆ ಜಗಕತಿ
ಪಾವನನೆ ಸನಕಾದಿ ಸಜ್ಜನ ನಿಕರ ದಾತಾರ

ಲಿಪಿಕಾರ "ಪಿತನೆ" ಎಂಬಲ್ಲಿ ಮರೆತು "ಪಿತ" ಎಂದು ಕೊರೆದ ಎನ್ನಿ. ಎರಡನೇ ಸಾಲು 13 ಮಾತ್ರೆಗೆ ಇಳಿಯುತ್ತದೆ, ಓದುವವನ ನಾಲಿಗೆ ಅಲ್ಲೇ ಕುಂಟುತ್ತದೆ. "ಜೀವ" ಹೋಗಿ "ಜೀಪ" ಆಯಿತು ಎನ್ನಿ, ಪ-ವ ಗೊಂದಲ ಸಾಮಾನ್ಯ. ಮಾತ್ರೆ ಸರಿಯಿದೆ, ಆದರೆ ಪ್ರಾಸ ಒಡೆಯಿತು: ಶ್ರೀವ, ಜೀಪ, ಪಾವ. ಹಳ್ಳಿಯಲ್ಲಿ ಭಾರತ ವಾಚನ ಮಾಡುವ ಗಮಕಿಗೆ ವ್ಯಾಕರಣ ಬರದಿದ್ದರೂ ಇದು ಸಿಕ್ಕಿಬೀಳುತ್ತದೆ. ಓಲೆಯಲ್ಲಿ ಪದ್ಯವನ್ನು ಸಾಲು ಮುರಿದು ಬರೆಯುವುದಿಲ್ಲ, ಗರಿಯ ಈ ತುದಿಯಿಂದ ಆ ತುದಿಗೆ ಒಂದೇ ಸಮ ಹೋಗುತ್ತದೆ. "ರಾಜೀವ" ಎಂಬ ಪದ ಎರಡು ಸಾಲಿಗೆ ಹಂಚಿಹೋಗಿದೆ ಎಂದು ಹೇಳುವುದೂ ಈ ಮಾತ್ರೆಯೇ.

ಅದೇ "ವಿಮಲ" ಎಂಬುದು "ವಿಮಳ" ಆದರೆ? ಮಾತ್ರೆಯೂ ಕೆಡುವುದಿಲ್ಲ, ಪ್ರಾಸವೂ ಕೆಡುವುದಿಲ್ಲ, ಅರ್ಥವೂ ಕೆಡುವುದಿಲ್ಲ. ಯಾರ ಕಣ್ಣಿಗೂ ಬೀಳದೆ ಪ್ರತಿಯಿಂದ ಪ್ರತಿಗೆ ಸಾಗುತ್ತದೆ. ಪಾಠಾಂತರಗಳು ಬಹುಮಟ್ಟಿಗೆ ಇಂಥ ಕಡೆಯೇ ಸಿಕ್ಕುತ್ತವೆ, ಬೇಲಿಯ ಸಂದಿಯಲ್ಲಿ.

ವಚನಕ್ಕೆ ಮಾತ್ರೆಯೂ ಇಲ್ಲ, ಪ್ರಾಸದ ಕಟ್ಟೂ ಇಲ್ಲ. ಅದಕ್ಕಿದ್ದ ಬೇಲಿ ಕೊನೆಯ ಅಂಕಿತವೊಂದೇ. ಅಂಕಿತ ವಚನ ಯಾರದೆಂದು ಹೇಳುತ್ತದೆ, ಒಳಗಿನ ಪದವನ್ನು ಕಾಯುವುದಿಲ್ಲ. ಆದ್ದರಿಂದ ಒಂದೇ ವಚನ ಬೇರೆ ಬೇರೆ ಕಟ್ಟಿನಲ್ಲಿ ಉದ್ದ ಗಿಡ್ಡವಾಗಿ ಬರುತ್ತದೆ. ಶರಣರ ವಚನಗಳನ್ನು ಸಂವಾದದಂತೆ ಜೋಡಿಸಿದ ಶೂನ್ಯಸಂಪಾದನೆಯ ಕಥೆ ನಿಮ್ಮ ಜಿಲ್ಲೆಗೇ ಸೇರಿದ್ದು. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಸಂಕಲಿಸಿದ. ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಕೊನೆಗೆ ಗೂಳೂರು ಸಿದ್ಧವೀರಣ್ಣೊಡೆಯ. ತುಮಕೂರಿನ ಪಕ್ಕದ ಗೂಳೂರೇ ಅದು. ಮೊದಲನೆಯದರಲ್ಲಿ ಸಾವಿರದ ಆಸುಪಾಸು ವಚನ, ಗೂಳೂರಿನವರದರಲ್ಲಿ ಸಾವಿರದೈನೂರರ ಆಸುಪಾಸು. ಇವರು ಪ್ರತಿ ಎತ್ತಲು ಕೂತವರಲ್ಲ, ಮತ್ತೆ ಜೋಡಿಸಲು ಕೂತವರು. ಯಡಿಯೂರಿನ ತೋಂಟದ ಸಿದ್ಧಲಿಂಗರ ಪರಂಪರೆಯಲ್ಲಿ ಈ ಕೆಲಸ ಪೂಜೆಯಷ್ಟೇ ದೊಡ್ಡದಾಗಿತ್ತು. ಇಲ್ಲಿ "ಯಾವುದು ಸರಿ" ಎಂದು ಕೇಳುವುದಕ್ಕಿಂತ "ಇದು ಯಾರ ಪರಿಷ್ಕರಣ" ಎಂದು ಕೇಳಬೇಕು.

ಎಷ್ಟು ಕಷ್ಟದ ಕೆಲಸ ಎಂಬುದಕ್ಕೆ ಒಂದು ಲೆಕ್ಕ. 32 ಅಕ್ಷರಕ್ಕೆ ಒಂದು "ಗ್ರಂಥ" ಎಂದು ಎಣಿಕೆ. ಗದ್ಯವಿರಲಿ ಪದ್ಯವಿರಲಿ, ಲಿಪಿಕಾರನ ಕೂಲಿಯನ್ನೂ ಕೃತಿಯ ಗಾತ್ರವನ್ನೂ ಇದರಲ್ಲೇ ಅಳೆಯುತ್ತಿದ್ದರು. ಒಂದು ಬದಿಗೆ 8 ಸಾಲು, ಸಾಲಿಗೆ 40 ಅಕ್ಷರ ಹಿಡಿಸಿದರೆ ಗರಿಯ ಎರಡೂ ಬದಿ ಸೇರಿ 640 ಅಕ್ಷರ, 20 ಗ್ರಂಥ. ಕುಮಾರವ್ಯಾಸನ ಪದ್ಯ ಎಂಟು ಸಾವಿರದ ಮೇಲಿವೆ, ಪದ್ಯಕ್ಕೆ ಸುಮಾರು 80 ಅಕ್ಷರ ಹಿಡಿದರೂ ಆರು ಲಕ್ಷ ದಾಟುತ್ತದೆ. ಅಂದರೆ ಸಾವಿರ ಗರಿ, ಒಂದೊಂದು ಅಕ್ಷರವೂ ಕಂಟದಲ್ಲಿ ಕೊರೆದದ್ದು. "ಭಗ್ನಪೃಷ್ಠ ಕಟಿಗ್ರೀವಃ", ಬೆನ್ನು ಸೊಂಟ ಕತ್ತು ಮುರಿದು, ದೃಷ್ಟಿ ನೆಟ್ಟು, ತಲೆ ತಗ್ಗಿಸಿ ಬರೆದಿದ್ದೇನೆ, ಜೋಪಾನ ಮಾಡಿ ಎಂದು ಅವರು ಬರೆದದ್ದು ಅಲಂಕಾರಕ್ಕಲ್ಲ. ಇದನ್ನು ತಿಳಿದ ಮೇಲೆ 10ನೇ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳು ಎಂಬ ಮಾತಿನ ತೂಕ ತಿಳಿಯುತ್ತದೆ. ಜೈನರಲ್ಲಿ ಶಾಸ್ತ್ರದಾನ ಅನ್ನದಾನದ ಸಾಲಿನಲ್ಲೇ ಬರುವ ದಾನ.

ಪ್ರತಿ ಹೆಚ್ಚಿದಷ್ಟೂ ಪಠ್ಯ ಕ್ಷೇಮ, ಯಾಕೆಂದರೆ ಎಲ್ಲರೂ ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡುವುದಿಲ್ಲ. ಐದು ಪ್ರತಿ ಇಟ್ಟು ಹೋಲಿಸಿದರೆ ಒಬ್ಬನ ತಪ್ಪನ್ನು ಇನ್ನೊಬ್ಬ ತೋರಿಸಿಕೊಡುತ್ತಾನೆ. ಆದರೆ ತಲೆ ಎಣಿಸಿ ತೀರ್ಮಾನ ಮಾಡುವುದಲ್ಲ. ಐದರಲ್ಲಿ ನಾಲ್ಕು ಒಂದೇ ತಾಯಿಪ್ರತಿಯಿಂದ ಇಳಿದವಾಗಿದ್ದರೆ ಆ ನಾಲ್ಕಕ್ಕೂ ಸೇರಿ ಒಂದೇ ಸಾಕ್ಷಿ. ಗೊತ್ತಾಗುವುದು ಹೇಗೆಂದರೆ, ನಾಲ್ಕರಲ್ಲೂ ಒಂದೇ ಕಡೆ ಒಂದೇ ಸಾಲು ಬಿಟ್ಟುಹೋಗಿರುತ್ತದೆ. ಕನ್ನಡದಲ್ಲಿ ಈ ಗ್ರಂಥಸಂಪಾದನ ಶಾಸ್ತ್ರವನ್ನು ಕಟ್ಟಿಕೊಟ್ಟ ಡಿ. ಎಲ್. ನರಸಿಂಹಾಚಾರ್ಯರು ಹುಟ್ಟಿದ್ದು ನಿಮ್ಮ ನೆರೆಯ ಚಿಕ್ಕನಾಯಕನಹಳ್ಳಿಯಲ್ಲಿ.

ಪ್ರತಿ ಒಂದೇ ಉಳಿದರೆ ಏನಾಗುತ್ತದೆ? ಕೌಟಿಲ್ಯನ ಅರ್ಥಶಾಸ್ತ್ರವನ್ನು ಶತಮಾನಗಳ ಕಾಲ ಹೆಸರಿನಲ್ಲಿ ಮಾತ್ರ ಬಲ್ಲವರಿದ್ದರು. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ, ಗ್ರಂಥಲಿಪಿಯ (ತಮಿಳು ಸೀಮೆಯಲ್ಲಿ ಸಂಸ್ಕೃತ ಬರೆಯುತ್ತಿದ್ದ ಲಿಪಿ) ಒಂದು ಓಲೆ ಕಟ್ಟನ್ನು ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಬೇರೆ ಪ್ರತಿಗಳು ಆಮೇಲೆ ಸಿಕ್ಕಿದವು, ಪಾಠ ಇನ್ನಷ್ಟು ಸರಿಹೋಯಿತು. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯಲ್ಲಿದ್ದ, ಜೈನ ಸಿದ್ಧಾಂತದ ವ್ಯಾಖ್ಯಾನಗಳಾದ ಧವಲಾ ಗ್ರಂಥಗಳದ್ದೂ ಹೀಗೇ, ಅಲ್ಲಿನ ಓಲೆ ಹೋಗಿದ್ದರೆ ಪಠ್ಯವೇ ಇರುತ್ತಿರಲಿಲ್ಲ. ಇನ್ನೊಂದು ತುದಿಗೆ ಉಡುಪಿಯ ಪಲಿಮಾರು ಮಠದ ಸರ್ವಮೂಲ, ಅಂದರೆ ಮಧ್ವಾಚಾರ್ಯರ ಕೃತಿಗಳೆಲ್ಲ ಸೇರಿದ ಕಟ್ಟು, ಇದೆ. ಮಧ್ವಾಚಾರ್ಯರ ನೇರ ಶಿಷ್ಯ ಹೃಷೀಕೇಶತೀರ್ಥರು ತುಳು ಲಿಪಿಯಲ್ಲಿ ಬರೆದದ್ದು ಎಂದು ಪರಂಪರೆ ಗೌರವಿಸುವ ಪ್ರತಿ. ಮುಳಬಾಗಿಲಿನ ಶ್ರೀಪಾದರಾಜರ ಮಠದಿಂದ ಹಿಡಿದು ಎಲ್ಲೆಡೆ ಪಾಠ ಹೇಳುವ ಅದೇ ಗ್ರಂಥಗಳ ಅನುಮಾನದ ಜಾಗ ಬಂದಾಗ ನೋಡಲು ಹೀಗೊಂದು ಪ್ರತಿ ಇರುವುದು ಅಪರೂಪದ ಭಾಗ್ಯ.

ಓಲೆಗೆ ಆಯಸ್ಸಿದೆ. ನಮ್ಮ ಹವೆಯಲ್ಲಿ ಸಾಮಾನ್ಯವಾಗಿ ಮುನ್ನೂರು ನಾನೂರು ವರ್ಷ ಬಾಳಿದರೆ ಹೆಚ್ಚು. ಆದ್ದರಿಂದ ಜೀರ್ಣವಾದ ಕಟ್ಟಿನಿಂದ ಹೊಸ ಪ್ರತಿ ಎತ್ತಿಕೊಂಡು ಹಳೆಯದನ್ನು ಹೊಳೆಗೆ ಬಿಡುವುದು ರೂಢಿಯಾಗಿತ್ತು. ಈಗ ಪ್ರತಿ ಎತ್ತುವವರಿಲ್ಲ, ಹೊಳೆಗೆ ಬಿಡುವುದು ಮಾತ್ರ ಉಳಿದಿದೆ. ಮನೆ ಬಿಚ್ಚುವಾಗ ಸಿಕ್ಕಿದ ಕಟ್ಟನ್ನು ಕಲ್ಯಾಣಿಗೋ ಕೆರೆಗೋ ಹಾಕುವವರು ರೂಢಿಯ ಅರ್ಧ ಭಾಗವನ್ನಷ್ಟೇ ನಡೆಸುತ್ತಿದ್ದಾರೆ. ನೀವು ಹಾಗೆ ಮಾಡದೆ ಕೇಳಿದ್ದು ತುಂಬ ಒಳ್ಳೆಯದಾಯಿತು.

ಈಗ ನಿಮ್ಮ ಕಟ್ಟು. ದಾರ ಬಿಚ್ಚುವ ಮೊದಲೇ ನಾಲ್ಕು ಬದಿಯ ಫೋಟೊ ತೆಗೆಯಿರಿ. ಬಿಚ್ಚಿದ ಮೇಲೆ ಗರಿಗಳನ್ನು ಇದ್ದ ಕ್ರಮದಲ್ಲೇ ಇಡಿ. ಕ್ರಮ ತಪ್ಪಿದೆ ಎಂದು ನಿಮಗೆ ಅನ್ನಿಸಿದರೂ ಈಗಲೇ ಜೋಡಿಸಬೇಡಿ. ಎಡ ಅಂಚಿನಲ್ಲಿ ಕನ್ನಡ ಅಂಕಿ ಇರುತ್ತದೆ, ಅದು ಗರಿಗೊಂದು, ಪುಟಕ್ಕೊಂದಲ್ಲ. ದಾರ ತೂತಿಗೆ ಕಚ್ಚಿಕೊಂಡಿದ್ದರೆ ಎಳೆಯದೆ ದಾರವನ್ನೇ ಕತ್ತರಿಸಿ. ಧೂಳನ್ನು ಮೆತ್ತನೆಯ ಒಣ ಬ್ರಷ್‌ನಿಂದ ಗರಿಯ ಉದ್ದಕ್ಕೆ ತೆಗೆಯಿರಿ. ಅಡ್ಡ ಉಜ್ಜಿದರೆ ನಾರು ಏಳುತ್ತದೆ. ಅಂಟಿಕೊಂಡ ಗರಿಗಳನ್ನು ಚಾಕುವಿನಿಂದ ಬಿಡಿಸಲು ಹೋದರೆ ಮೇಲಿನ ಪದರ ಕೆಳಗಿನದಕ್ಕೆ ಅಂಟಿ ಎರಡೂ ಹಾಳಾಗುತ್ತವೆ. ಅವುಗಳನ್ನು ಹಾಗೇ ಇಟ್ಟು ಸಂರಕ್ಷಣೆ ಬಲ್ಲವರಿಗೆ ಬಿಡಿ.

ಅಕ್ಷರ ಕಾಣದ ಗರಿಗೆ ಮಸಿ ಹಚ್ಚುವ ಅವಸರ ಬೇಡ. ಕತ್ತಲ ಕೋಣೆಯಲ್ಲಿ ಗರಿಯನ್ನು ಚಪ್ಪಟೆಯಾಗಿ ಇಟ್ಟು, ಟಾರ್ಚನ್ನು ಪಕ್ಕದಲ್ಲಿ, ಬೆಳಕು ಗರಿಯನ್ನು ಸವರಿಕೊಂಡು ಹೋಗುವ ಹಾಗೆ ತೀರ ಓರೆಯಾಗಿ ಹಿಡಿಯಿರಿ. ಗೀರಿನ ಒಂದು ಅಂಚಿಗೆ ನೆರಳು ಬಿದ್ದು ಅಕ್ಷರ ಮೇಲೇಳುತ್ತದೆ. ಮೇಲಿನಿಂದ ಫೋಟೊ ತೆಗೆಯಿರಿ, ಆಮೇಲೆ ಬೆಳಕನ್ನು ಇನ್ನೊಂದು ಬದಿಯಿಂದ ಬಿಟ್ಟು ಮತ್ತೊಂದು. ಮೊಬೈಲ್ ಕ್ಯಾಮೆರಾ ಸಾಕು, ಫ್ಲ್ಯಾಶ್ ಬೇಡ. ಪ್ರತಿ ಚಿತ್ರದಲ್ಲೂ ಗರಿಯ ಕೆಳಗೆ ಒಂದು ಅಡಿಪಟ್ಟಿ ಇರಲಿ. ಕಡತದ ಹೆಸರಿನಲ್ಲಿ ಕಟ್ಟಿನ ಸಂಖ್ಯೆ, ಗರಿಯ ಸಂಖ್ಯೆ, ಮುಂದೋ ಹಿಂದೋ ಎಂಬುದು ಇದ್ದರೆ ಮುಂದೆ ಓದುವವರಿಗೆ ಅರ್ಧ ಕೆಲಸ ಮುಗಿದಂತೆ.

ನಿಮ್ಮದು ಒಣ ಸೀಮೆ. ಕರಾವಳಿಯ ಹಾಗೆ ಬೂಷ್ಟು ಹಿಡಿಯುವ ಭಯ ಕಡಿಮೆ, ಬಿರುಸಾಗಿ ಸಿಗಿಯುವ ಭಯ ಮತ್ತು ಗೆದ್ದಲಿನ ಭಯ ಹೆಚ್ಚು. ಹಿಂದೆ ಅಟ್ಟದಲ್ಲಿ ಇಟ್ಟದ್ದಕ್ಕೆ ಕಾರಣವಿತ್ತು, ಸೌದೆ ಒಲೆಯ ಹೊಗೆ ಹುಳುವನ್ನು ದೂರ ಇಡುತ್ತಿತ್ತು. ಈಗ ಗ್ಯಾಸ್ ಒಲೆ. ಅಟ್ಟದಲ್ಲಿ ಹೊಗೆಯಿಲ್ಲ, ಕಾವು ಮಾತ್ರ ಇದೆ. ಕೆಳಗೆ ತನ್ನಿ, ಹೊರಗೋಡೆಗೆ ತಾಗದ ಬೀರುವಿನಲ್ಲಿಡಿ. ಗಂಜಿ ಹಾಕದ, ಒಗೆದು ಚೆನ್ನಾಗಿ ಒಣಗಿಸಿದ ಹತ್ತಿ ಬಟ್ಟೆಯಲ್ಲಿ ಸುತ್ತಿ. ಗಂಜಿ ಇದ್ದರೆ ಹುಳುವನ್ನು ನೀವೇ ಕರೆದಂತೆ. ಮೇಲೆ ಕೆಳಗೆ ಗರಿಗಿಂತ ಸ್ವಲ್ಪ ದೊಡ್ಡ ಹಲಗೆ ಇರಲಿ. ಕಟ್ಟು ಗರಿ ಅಲುಗದಷ್ಟು ಬಿಗಿ, ದಾರ ಅಂಚನ್ನು ಕೊಯ್ಯದಷ್ಟು ಸಡಿಲ. ಒಣಗಿಸಿದ ಬೇವಿನ ಎಲೆ, ಬಜೆಯ ತುಂಡು ಬೇರೆ ಪೊಟ್ಟಣದಲ್ಲಿ ಪಕ್ಕಕ್ಕಿಡಿ, ಗರಿಗೆ ತಾಗಬಾರದು, ನಾಲ್ಕಾರು ತಿಂಗಳಿಗೆ ಬದಲಿಸಿ. ಪ್ಲಾಸ್ಟಿಕ್ ಕವರ್, ಲ್ಯಾಮಿನೇಷನ್, ಸೆಲ್ಲೊಟೇಪ್, ರಬ್ಬರ್‌ಬ್ಯಾಂಡ್, ಸೀಮೆಎಣ್ಣೆ ಯಾವುದೂ ಬೇಡ. ಸರಸ್ವತಿ ಪೂಜೆಯಲ್ಲಿ ಇಡುವುದಾದರೆ ಖಂಡಿತ ಇಡಿ, ಅರಿಶಿನ ಕುಂಕುಮ ಹೂವನ್ನು ಸುತ್ತಿದ ಬಟ್ಟೆಯ ಮುಂದೆ ಏರಿಸಿ, ಗರಿಯ ಮೇಲೆ ನೀರು ಪ್ರೋಕ್ಷಿಸಬೇಡಿ. ಮಳೆಗಾಲ ಕಳೆದ ಮೇಲೊಮ್ಮೆ, ಬೇಸಿಗೆ ಶುರುವಾಗುವ ಮೊದಲೊಮ್ಮೆ ಬಿಚ್ಚಿ ನೆರಳಿನ ಗಾಳಿಯಲ್ಲಿ ಒಂದು ಗಂಟೆ ಹರಡಿ. ಬಟ್ಟೆಯ ಮೇಲೆ ಸಣ್ಣ ಪುಡಿ ಬಿದ್ದಿದ್ದರೆ ಹುಳು ಇನ್ನೂ ಜೀವಂತವಾಗಿದೆ ಎಂದು ಅರ್ಥ, ಆ ಕಟ್ಟನ್ನು ಇನ್ನೊಂದರಿಂದ ದೂರ ಇಡಿ.

ಯಾವ ಗ್ರಂಥ ಎಂದು ತಿಳಿಯಲು ಮೊದಲ ಗರಿಗಿಂತ ಕೊನೆಯ ಗರಿ ಮುಖ್ಯ. ಮೊದಲಿನದರಲ್ಲಿ ದೇವತಾಸ್ತುತಿ, "ನಿರ್ವಿಘ್ನಮಸ್ತು" ಇರುತ್ತದೆ. ಕೊನೆಯಲ್ಲಿ ಕೃತಿಯ ಹೆಸರು, ಬರೆದವರ ಹೆಸರು, ಊರು, ಸಂವತ್ಸರ, ಮಾಸ, ತಿಥಿ, ವಾರ. "ಕರಕೃತಮಪರಾಧಂ ಕ್ಷಂತುಮರ್ಹಂತಿ ಸಂತಃ", ಕೈ ಮಾಡಿದ ತಪ್ಪನ್ನು ಸಜ್ಜನರು ಮನ್ನಿಸಬೇಕು, ಎಂಬುದು ಬಂದರೆ ಕೃತಿ ಮುಗಿದಿದೆ ಎಂದು ತಿಳಿಯಿರಿ. ಶಕವರ್ಷ ಇಲ್ಲದೆ ಸಂವತ್ಸರದ ಹೆಸರು ಮಾತ್ರ ಇದ್ದರೆ ಅದು 60 ವರ್ಷಕ್ಕೊಮ್ಮೆ ಬರುವುದರಿಂದ ಕಾಲ ಒಂದೇ ಸಲಕ್ಕೆ ತೀರ್ಮಾನವಾಗುವುದಿಲ್ಲ. ಆಗ ತಿಥಿ-ವಾರ ಎರಡೂ ಕೂಡುವ ವರ್ಷವನ್ನು ಪಂಚಾಂಗದಲ್ಲಿ ಹುಡುಕಬೇಕು. ಮೊದಲ ಎರಡು, ಕೊನೆಯ ಎರಡು ಗರಿಗಳ ಚಿತ್ರವನ್ನು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಅಲ್ಲಿನ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗ, ಯಾವುದಾದರೂ ಒಂದಕ್ಕೆ ಕಳಿಸಿ ಕೇಳಿ. ಮೂಲವನ್ನು ಕೊಟ್ಟುಬಿಡಬೇಕೆಂದೇನೂ ಇಲ್ಲ, ಓದಲು ಒಳ್ಳೆಯ ಚಿತ್ರ ಸಾಕು.

ಕಟ್ಟಿನಲ್ಲಿ ಅಳತೆಯೂ ಕೈಬರಹವೂ ಬೇರೆಯಾಗಿ ಕಾಣುವ ಬಿಡಿ ಗರಿಗಳು ಇದ್ದರೆ ಕಸವೆಂದು ಎಸೆಯಬೇಡಿ, ಬೇರೆ ಲಕೋಟೆಯಲ್ಲಿ ಹಾಕಿ ಯಾವ ಎರಡು ಗರಿಗಳ ನಡುವೆ ಸಿಕ್ಕಿತು ಎಂದು ಬರೆದಿಡಿ. ಇನ್ನೊಬ್ಬರ ಮನೆಯ ಕಟ್ಟಿನಲ್ಲಿ ಗ್ರಂಥಪಾತವೆಂದು ಖಾಲಿ ಬಿಟ್ಟಿರುವ ಜಾಗ ಆ ಗರಿಯದೇ ಇರಬಹುದು.